ಕಾರಿನ ರೇಡಿಯೋ ಗಡಿಯಾರವೂ ಕಾಲನಿರ್ಣಯದ ಅಧಿಕಾರವೂ

ಇತಿಹಾಸದ ವಿದ್ಯಾರ್ಥಿಗಳು ಕಾಲವನ್ನು ಸಾಮಾನ್ಯವಾಗಿ ಶಕವರ್ಷ, ಸಂವತ್ಸರ, ತಿಥಿಗಳ ರೂಪದಲ್ಲಿ ಪರಿಶೀಲಿಸುತ್ತಾರೆ. ದಿನದೊಳಗಿನ ಗಂಟೆ-ನಿಮಿಷಗಳು ಅವರ ಗಮನಕ್ಕೆ ಬರುವುದು ಅಪರೂಪ. ಶಾಸನವೊಂದರ ಕಾಲವನ್ನು ನಿರ್ಣಯಿಸುವಾಗ ವಾರವೂ ತಿಥಿಯೂ ಪರಸ್ಪರ ಹೊಂದುತ್ತವೆಯೇ ಎಂದು ಶ್ರಮವಹಿಸಿ ನೋಡುವ ನಾವು, ಈಚಿನ ದಾಖಲೆಯೊಂದರಲ್ಲಿ ‘ಬೆಳಗ್ಗೆ 8 ಗಂಟೆ 10 ನಿಮಿಷ’ ಎಂದಿದ್ದರೆ ಅದನ್ನು ವಿಚಾರಿಸದೆಯೇ ಅಂಗೀಕರಿಸುತ್ತೇವೆ. ಆ ಗಂಟೆಯನ್ನು ಹೇಳಿದ ಗಡಿಯಾರ ಯಾವುದು, ಅದನ್ನು ಸರಿಪಡಿಸಿದವರು ಯಾರು ಎಂಬ ಪ್ರಶ್ನೆಗಳೇ ಏಳುವುದಿಲ್ಲ. ಈ ಪ್ರಶ್ನೆಗಳಿಗೂ ಒಂದು ಇತಿಹಾಸವಿದೆಯೆಂಬುದನ್ನು ತೋರಿಸಲು ಪ್ರಕೃತ ಲೇಖನದಲ್ಲಿ ನಾವು ಅತಿ ಸಾಮಾನ್ಯವಾದೊಂದು ವಸ್ತುವನ್ನು ಆರಿಸಿಕೊಂಡಿದ್ದೇವೆ. ಅದು ಕಾರಿನ ರೇಡಿಯೋದ ಮುಖದ ಮೇಲೆ ಕಾಣುವ ಗಡಿಯಾರ.

ಕಾರಿನ ಬ್ಯಾಟರಿಯನ್ನು ಬಿಚ್ಚಿ ಪುನಃ ಜೋಡಿಸಿದರೆ ಅನೇಕ ರೇಡಿಯೋಗಳಲ್ಲಿ ಗಡಿಯಾರವು ಮೊದಲಿನಿಂದ ಎಣಿಸಲಾರಂಭಿಸುತ್ತದೆ. ಆಗ ಚಾಲಕನು ಗುಂಡಿಗಳನ್ನೊತ್ತಿ ಗಂಟೆಯನ್ನೂ ನಿಮಿಷವನ್ನೂ ಹೊಂದಿಸಬೇಕು. ಬಾನುಲಿಯ ಮೂಲಕ ಬರುವ ಕಾಲಸಂಕೇತವನ್ನು ಗ್ರಹಿಸಬಲ್ಲ ರೇಡಿಯೋ ಆದರೋ, ಅಂತಹ ಸಂಕೇತವನ್ನು ಕಳುಹಿಸುವ ನಿಲಯ ದೊರೆತ ಒಂದೆರಡು ನಿಮಿಷಗಳಲ್ಲಿಯೇ ತಾನಾಗಿ ಕಾಲವನ್ನು ತೋರಿಸುತ್ತದೆ. ‘ತಾನಾಗಿ’ ಎಂಬ ಈ ಮಾತೇ ನಮ್ಮ ವಿಚಾರಕ್ಕೆ ಪ್ರವೇಶದ್ವಾರ. ಗಡಿಯಾರವು ತಾನಾಗಿ ಏನನ್ನೂ ಅರಿಯದು. ದೂರದಲ್ಲಿ ಯಾರೋ ಹೇಳಿದುದನ್ನು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ. ಗಡಿಯಾರಗಳನ್ನು ಹೊಂದಿಸುವ ಕಾರ್ಯದ ಇತಿಹಾಸವೆಂದರೆ, ತಿದ್ದುವ ಅಧಿಕಾರವು ಗಡಿಯಾರದ ಒಡೆಯನ ಕೈಯಿಂದ ಕ್ರಮಕ್ರಮವಾಗಿ ದೂರ ಸರಿದ ಇತಿಹಾಸವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಈ ಅಧಿಕಾರ ಸೂರ್ಯನದಾಗಿದ್ದಿತು. ನಮ್ಮ ದೇಶದಲ್ಲಿ ತಳದಲ್ಲಿ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ಮುಳುಗುವ ಅವಧಿಯಿಂದ 24 ನಿಮಿಷದ ಘಳಿಗೆಯನ್ನು ಅಳೆಯುತ್ತಿದ್ದರು. ಆ ಎಣಿಕೆಯನ್ನು ಆಯಾ ಊರಿನ ಸೂರ್ಯೋದಯಕ್ಕೆ ಹೊಂದಿಸುತ್ತಿದ್ದರು. ಹೀಗಾಗಿ ಪ್ರತಿ ಊರಿಗೂ ತನ್ನದೇ ಆದ ಕಾಲವಿದ್ದಿತು. ರೇಖಾಂಶದ ಲೆಕ್ಕದಂತೆ ಬೆಂಗಳೂರಿನ ನಡುಹಗಲಾದ ಸುಮಾರು 11 ನಿಮಿಷಗಳ ತರುವಾಯ ಮಂಗಳೂರಿನ ನಡುಹಗಲು. ಕಾಲ್ನಡಿಗೆ ಮತ್ತು ಎತ್ತಿನ ಗಾಡಿಗಳ ಕಾಲದಲ್ಲಿ ಈ ವ್ಯತ್ಯಾಸದಿಂದ ಯಾರಿಗೂ ಬಾಧೆಯಿರಲಿಲ್ಲ.

ವ್ಯತ್ಯಾಸವು ಬಾಧಕವಾದುದು ಹಡಗು, ರೈಲು ಮತ್ತು ತಂತಿಗಳಿಂದ. ಗ್ರೀನಿಚ್ ವೀಕ್ಷಣಾಲಯದ ಮೇಲೆ 1833ರಿಂದ ದಿನವೂ ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ಒಂದು ದೊಡ್ಡ ಗೋಲವನ್ನು ಕೆಳಕ್ಕೆ ಇಳಿಬಿಡುತ್ತಿದ್ದರು. ಥೇಮ್ಸ್ ನದಿಯ ಹಡಗುಗಳಲ್ಲಿದ್ದವರು ಅದನ್ನು ಕಂಡು ತಮ್ಮ ಗಡಿಯಾರಗಳನ್ನು ಪರೀಕ್ಷಿಸಿಕೊಳ್ಳುತ್ತಿದ್ದರು. ಲಂಡನ್ನಿನಲ್ಲಿ ಬೆಲ್ವಿಲ್ ಎಂಬ ಕುಟುಂಬದವರು 1836ರಿಂದ 1940ರವರೆಗೆ, ಗ್ರೀನಿಚ್ಚಿನಲ್ಲಿ ಸರಿಹೊಂದಿಸಿದ ಗಡಿಯಾರವೊಂದನ್ನು ಗಿರಾಕಿಗಳ ಬಾಗಿಲಿಗೆ ಒಯ್ದು ತೋರಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದರು. ಕಾಲವನ್ನು ಹೀಗೆ ಮನೆಮನೆಗೆ ಮಾರಿದ ಈ ಪದ್ಧತಿಯಲ್ಲಿ ಒಂದು ಗುಣವನ್ನು ಗಮನಿಸಬೇಕು. ಕಾಲ ಹೇಳುವವರು ಕಣ್ಣೆದುರಿಗಿದ್ದರು. ನಂಬುವುದೂ ಬಿಡುವುದೂ ಕೊಳ್ಳುವವನ ಇಚ್ಛೆಯಾಗಿದ್ದಿತು.

ಭಾರತದಲ್ಲಿ ಈ ಪ್ರಶ್ನೆಯು ರಾಜಕೀಯ ಸ್ವರೂಪವನ್ನೇ ತಾಳಿತು. 1792ರಲ್ಲಿ ಕಟ್ಟಲ್ಪಟ್ಟ ಮದರಾಸಿನ ವೀಕ್ಷಣಾಲಯದ ಕಾಲವು ಗ್ರೀನಿಚ್ ಕಾಲಕ್ಕಿಂತ 5 ಗಂಟೆ 21 ನಿಮಿಷಗಳಷ್ಟು ಮುಂದಿದ್ದು, ದೇಶದ ರೈಲುಗಳಿಗೆ ಅದೇ ಆಧಾರವಾಯಿತು. ಮುಂಬಯಿಯ ಕಾಲವಾದರೋ ಗ್ರೀನಿಚ್ಚಿಗಿಂತ 4 ಗಂಟೆ 51 ನಿಮಿಷ ಮಾತ್ರ ಮುಂದು. 1881ರಲ್ಲಿ ಅಲ್ಲಿನ ಗವರ್ನರ್ ಜೇಮ್ಸ್ ಫರ್ಗುಸನ್ನನು ನಗರದಲ್ಲಿ ಮದರಾಸು ಕಾಲವನ್ನು ಜಾರಿಗೆ ತರಲು ಯತ್ನಿಸಿದನು. ಜನರ ವಿರೋಧದಿಂದ ಆ ಯತ್ನವನ್ನು ಕೈಬಿಡಬೇಕಾಯಿತು. ತರುವಾಯ 1906ರ ಜನವರಿ 1ರಂದು 82 ಡಿಗ್ರಿ 30 ಮಿನಿಟು ಪೂರ್ವ ರೇಖಾಂಶವನ್ನು ಆಧರಿಸಿ, ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಪ್ರಮಾಣ ಕಾಲವು ಜಾರಿಗೆ ಬಂದಿತು. ಇದರಿಂದ ಮುಂಬಯಿಯ ಗಡಿಯಾರವನ್ನು ಒಮ್ಮೆಗೇ 39 ನಿಮಿಷ ಮುಂದೂಡಬೇಕಾಗಿದ್ದಿತು. ಅಷ್ಟು ಹೊತ್ತು ಮುಂಚಿತವಾಗಿ ಕೆಲಸಕ್ಕೆ ಹಾಜರಾಗಬೇಕೆಂಬುದನ್ನು ಕಂಡ ಗಿರಣಿ ಕಾರ್ಮಿಕರು ಅದೇ ತಿಂಗಳಿನಲ್ಲಿಯೇ ಪ್ರತಿಭಟಿಸಿದರು. ಮುಂಬಯಿ ಕಾಲವೂ ಕಲ್ಕತ್ತ ಕಾಲವೂ ನಗರ ಜೀವನದಿಂದ ಪೂರ್ತಿಯಾಗಿ ಮರೆಯಾದುದು ಸ್ವಾತಂತ್ರ್ಯಾನಂತರವೇ.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಮುಂಬಯಿಯ ಪತ್ರವೊಂದರಲ್ಲಿ ‘10 ಗಂಟೆ’ ಎಂದಿದ್ದರೆ ಅದು ಯಾವ ಕಾಲದ 10 ಗಂಟೆ ಎಂದು ವಿಚಾರಿಸಲೇಬೇಕು. 39 ನಿಮಿಷಗಳ ಅಂತರದಲ್ಲಿ ಘಟನೆಗಳ ಪೂರ್ವಾಪರವೇ ತಲೆಕೆಳಗಾಗಬಹುದು. ಎರಡನೆಯದಾಗಿ, ಆ ಜನರಿಗೆ ತಮ್ಮ ಗಡಿಯಾರವನ್ನು ಯಾರು ತಿದ್ದುತ್ತಿದ್ದಾರೆಂಬುದು ತಿಳಿದಿದ್ದಿತು. ತಿಳಿದಿದ್ದುದರಿಂದಲೇ ಅವರು ವಾದಿಸಬಲ್ಲವರಾದರು.

ಬಾನುಲಿಯು ಈ ಸ್ಥಿತಿಯನ್ನು ಬದಲಿಸಿತು. ಪ್ಯಾರಿಸಿನ ಐಫೆಲ್ ಗೋಪುರದಿಂದ 1910ರಲ್ಲಿ ಕಾಲಸಂಕೇತಗಳ ಪ್ರಸಾರ ಆರಂಭವಾಯಿತು. ಬಿ.ಬಿ.ಸಿ.ಯು 1924ರ ಫೆಬ್ರವರಿ 5ರಿಂದ ಗ್ರೀನಿಚ್ ವೀಕ್ಷಣಾಲಯದ ಸಹಕಾರದೊಡನೆ ‘ಪಿಪ್’ ಎಂಬ ಆರು ಕಿರುಧ್ವನಿಗಳನ್ನು ಬಿತ್ತರಿಸಲಾರಂಭಿಸಿತು. ನಮ್ಮಲ್ಲಿಯೂ ಆಕಾಶವಾಣಿಯ ವಾರ್ತೆಗೆ ಮುನ್ನ ಕೇಳಿಬರುವ ಧ್ವನಿಗೆ ಕೈಗಡಿಯಾರದ ಮುಳ್ಳನ್ನು ಹೊಂದಿಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ನಿತ್ಯವಿಧಿಯೇ ಆಗಿದ್ದಿತು. ಈ ಘಟ್ಟದಲ್ಲಿ ಕಾಲ ಹೇಳುವವನು ಕಣ್ಣಿಗೆ ಮರೆಯಾಗಿದ್ದರೂ ಕಿವಿಗೆ ಕೇಳುತ್ತಿದ್ದನು. ಮುಳ್ಳನ್ನು ತಿರುಗಿಸುವ ಕೈ ಇನ್ನೂ ಕೇಳುಗನದೇ ಆಗಿದ್ದಿತು.

ಇನ್ನು ಕಾರಿಗೆ ಬರೋಣ. ಅಮೆರಿಕದ ಗ್ಯಾಲ್ವಿನ್ ಸಹೋದರರು ‘ಮೋಟೊರೋಲ’ ಎಂಬ ಹೆಸರಿನ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದುದು 1930ರಲ್ಲಿ. ಆದರೆ ಬಹುಕಾಲದವರೆಗೆ ಕಾರಿನಲ್ಲಿ ರೇಡಿಯೋ ಬೇರೆ, ಗಡಿಯಾರ ಬೇರೆ. ರೇಡಿಯೋ ಕಾಲವನ್ನು ಹೇಳುತ್ತಿದ್ದರೂ ಪಕ್ಕದಲ್ಲಿಯೇ ಇದ್ದ ಗಡಿಯಾರಕ್ಕೆ ಅದು ಕೇಳಿಸುತ್ತಿರಲಿಲ್ಲ. ನಡುವೆ ಚಾಲಕನ ಕಿವಿಯೂ ಕೈಯೂ ಬೇಕಾಗಿದ್ದಿತು. ಕುಲುಕಾಟ, ಬಿಸಿಲು, ಚಳಿಗಳಿಂದ ಆ ಗಡಿಯಾರಗಳು ಬಹುಬೇಗ ತಪ್ಪುತ್ತಿದ್ದವು. ಮುಂದೆ ಕ್ವಾರ್ಟ್ಸ್ ಹರಳಿನ ಗಡಿಯಾರವು ರೇಡಿಯೋದ ಒಳಗೇ ಸೇರಿತು. ಇಂತಹ ಹರಳು ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅದರಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ದೋಷವಿದ್ದರೂ ದಿನಕ್ಕೆ 1.7 ಸೆಕೆಂಡಿನಂತೆ ತಿಂಗಳಿಗೆ ಸುಮಾರು 50 ಸೆಕೆಂಡುಗಳ ವ್ಯತ್ಯಾಸವುಂಟಾಗುತ್ತದೆ. ಆದುದರಿಂದ ತಿದ್ದುವ ಅವಶ್ಯಕತೆ ಕಡಮೆಯಾಯಿತೇ ಹೊರತು ಇಲ್ಲವಾಗಲಿಲ್ಲ.

ರೇಡಿಯೋ ಮತ್ತು ಗಡಿಯಾರಗಳ ನಡುವೆ ನೇರವಾದ ಮಾತುಕತೆ ಏರ್ಪಟ್ಟುದು ಯೂರೋಪಿನಲ್ಲಿ. ಅಲ್ಲಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು 1984ರಲ್ಲಿ ‘ರೇಡಿಯೋ ಡೇಟಾ ಸಿಸ್ಟಮ್’ ಎಂಬ ಪದ್ಧತಿಯ ನಿಯಮಗಳನ್ನು ಪ್ರಕಟಿಸಿತು. 1987ರಲ್ಲಿ ಬ್ರಿಟನ್ನಿನಲ್ಲಿ ಅದರ ಸೇವೆ ಆರಂಭವಾಯಿತು. ಚಲಿಸುವ ಕಾರಿನಲ್ಲಿ ನಿಲಯದ ಹೆಸರು ಕಾಣುವಂತೆಯೂ, ಒಂದು ಪ್ರಸಾರ ಕೇಂದ್ರದ ವ್ಯಾಪ್ತಿ ಮುಗಿದೊಡನೆ ಅದೇ ಕಾರ್ಯಕ್ರಮವು ಮತ್ತೊಂದು ತರಂಗಾಂತರದಲ್ಲಿ ದೊರೆಯುವಂತೆಯೂ ಮಾಡುವುದು ಇದರ ಮುಖ್ಯ ಉದ್ದೇಶ. ಕಾಲವನ್ನು ಹೇಳುವುದು ಉಪಕಾರ್ಯ ಮಾತ್ರ. ಎಫ್.ಎಂ. ಪ್ರಸಾರದ ಸಂಗೀತ-ಮಾತುಗಳ ಮೇಲ್ಗಡೆ, 57 ಕಿಲೋಹರ್ಟ್ಸಿನ ಉಪವಾಹಕದಲ್ಲಿ, ಸೆಕೆಂಡಿಗೆ 1187.5 ಬಿಟ್ಟುಗಳ ವೇಗದಿಂದ ಕಿವಿಗೆ ಕೇಳಿಸದ ಸಂಕೇತಗಳು ಹರಿಯುತ್ತವೆ. ಕಾಲವನ್ನು ಹೇಳುವ ನಿಲಯವು ಪ್ರತಿ ನಿಮಿಷಕ್ಕೊಮ್ಮೆ ಒಂದು ವಿಶೇಷ ಸಂಕೇತಗುಚ್ಛವನ್ನು ಕಳುಹಿಸುತ್ತದೆ. ಅದರಲ್ಲಿ ದಿನ, ಗಂಟೆ, ನಿಮಿಷ ಮತ್ತು ಸ್ಥಳೀಯ ಕಾಲದ ಅಂತರ ಅಡಕವಾಗಿರುತ್ತವೆ. ರೇಡಿಯೋ ಅದನ್ನು ಓದಿ ಗಡಿಯಾರವನ್ನು ತಿದ್ದುತ್ತದೆ.

ಈ ಸಂಕೇತದಲ್ಲಿ ಇತಿಹಾಸಕಾರರಿಗೆ ಆಸಕ್ತಿಕರವಾದ ಎರಡು ವಿಷಯಗಳಿವೆ. ದಿನವನ್ನು ತಿಂಗಳು-ತಾರೀಖುಗಳಲ್ಲಿ ಹೇಳದೆ, 1858ರ ನವೆಂಬರ್ 17ರಿಂದ ಕಳೆದ ದಿನಗಳ ಒಂದೇ ಸಂಖ್ಯೆಯಾಗಿ ಹೇಳಲಾಗುತ್ತದೆ. ಉದಾಹರಣೆಗೆ, 2022ರ ಜನವರಿ 1 ಎಂದರೆ 59,580ನೆಯ ದಿನ. ಈ ಎಣಿಕೆಯ ಮೂಲವು ಜೋಸೆಫ್ ಸ್ಕ್ಯಾಲಿಜರ್ ಎಂಬ ವಿದ್ವಾಂಸನು 1583ರಲ್ಲಿ ಪ್ರಾಚೀನ ಜನಾಂಗಗಳ ಕಾಲಗಣನೆಗಳನ್ನು ಒಂದುಗೂಡಿಸಲೆಂದು ಕಲ್ಪಿಸಿದ ಜೂಲಿಯನ್ ಕಾಲಾವಧಿಯಲ್ಲಿದೆ. ಕಲಿಯುಗಾದಿಯಿಂದ ಕಳೆದ ದಿನಗಳನ್ನೆಣಿಸುವ ನಮ್ಮ ಜ್ಯೋತಿಷಿಗಳ ‘ಅಹರ್ಗಣ’ವೂ ಇದೇ ಬಗೆಯ ಸಾಧನ. ಇತಿಹಾಸಕಾರನು ಗತಕಾಲಕ್ಕೆಂದು ನಿರ್ಮಿಸಿದ ಅಳತೆಗೋಲು ಹೀಗೆ ಕಾರಿನ ರೇಡಿಯೋದಲ್ಲಿ ವರ್ತಮಾನವನ್ನು ಅಳೆಯುತ್ತಿದೆ.

ಎರಡನೆಯದು, ಸ್ಥಳೀಯ ಕಾಲದ ಅಂತರವನ್ನು ಈ ಪದ್ಧತಿಯು ಅರ್ಧ ಗಂಟೆಯ ಮಾನದಲ್ಲಿ ಮಾತ್ರ ಹೇಳಬಲ್ಲುದು. ಭಾರತದ ಐದೂವರೆ ಗಂಟೆ ಎಂದರೆ ಹನ್ನೊಂದು ಅರ್ಧ ಗಂಟೆಗಳು. ಅದು ಸರಿಯಾಗಿ ಅಡಕವಾಗುತ್ತದೆ. ಆದರೆ ನೇಪಾಳದ ಕಾಲವು ಗ್ರೀನಿಚ್ಚಿಗಿಂತ 5 ಗಂಟೆ 45 ನಿಮಿಷ ಮುಂದು. ಅದನ್ನು ಈ ಸಂಕೇತದಲ್ಲಿ ಹೇಳಲು ಸ್ಥಳವೇ ಇಲ್ಲ. 4 ಗಂಟೆ 51 ನಿಮಿಷದ ಮುಂಬಯಿ ಕಾಲವು ಇಂದು ಬದುಕಿದ್ದರೆ ಅದಕ್ಕೂ ಇದೇ ಗತಿ. 1906ರಲ್ಲಿ ಸರ್ಕಾರದ ಆಜ್ಞೆಯು ಮಾಡಲು ಹೊರಟ ಕೆಲಸವನ್ನು ಇಲ್ಲಿ ಆರು ಬಿಟ್ಟುಗಳ ಒಂದು ನಿಯಮವು ಸದ್ದಿಲ್ಲದೆ ಮಾಡಿ ಮುಗಿಸಿದೆ. ಆ ನಿಯಮವನ್ನು ರಚಿಸಿದವರಲ್ಲಿ ದುರುದ್ದೇಶವಿದ್ದಿತೆಂದು ನಾವು ಹೇಳುವುದಿಲ್ಲ. ಅವರ ಕಣ್ಣ ಮುಂದಿದ್ದುದು ಯೂರೋಪು. ಆದರೂ ಯಂತ್ರದೊಳಗೆ ಸೇರಿದ ತೀರ್ಮಾನವೂ ತೀರ್ಮಾನವೇ.

ತಾನಾಗಿ ತಿದ್ದಿಕೊಳ್ಳುವ ಗಡಿಯಾರ ತಾನಾಗಿ ತಪ್ಪಲೂ ಬಲ್ಲುದು. ನಿಲಯದಲ್ಲಿ ಸಂಕೇತವನ್ನು ರಚಿಸುವ ಯಂತ್ರದ ಕಾಲವೇ ತಪ್ಪಿದ್ದರೆ, ಆ ನಿಲಯವನ್ನು ಕೇಳುವ ಕಾರುಗಳೆಲ್ಲವೂ ಆ ತಪ್ಪನ್ನೇ ಅನುಸರಿಸುತ್ತವೆ. ಬಂದ ಸಂಕೇತ ದಾರಿಯಲ್ಲಿ ಕೆಟ್ಟಿದೆಯೇ ಎಂಬುದನ್ನು ರೇಡಿಯೋ ಪರೀಕ್ಷಿಸಬಲ್ಲುದು. ಕೆಡದೆ ಬಂದುದು ಸತ್ಯವೇ ಎಂಬುದನ್ನು ಪರೀಕ್ಷಿಸಲಾರದು. ಚಾಲಕನು ಕೈಯಿಂದ ಸರಿಪಡಿಸಿದರೂ ಮುಂದಿನ ಸಂಕೇತ ಬಂದೊಡನೆ ಗಡಿಯಾರ ಹಿಂದಿನ ತಪ್ಪಿಗೇ ಮರಳುತ್ತದೆ. ಇದರಿಂದ ಪಾರಾಗಲು ಅನೇಕ ರೇಡಿಯೋಗಳಲ್ಲಿ ‘ಸಿ.ಟಿ.’ ಎಂಬ ಆಯ್ಕೆಯುಂಟು. ಅದನ್ನು ಆರಿಸಿಬಿಟ್ಟರೆ ಗಡಿಯಾರ ಪುನಃ ಒಡೆಯನ ಕೈಗೆ ಬರುತ್ತದೆ. ಈ ಚಿಕ್ಕ ಗುಂಡಿಯನ್ನು ನಾವು ಅಲ್ಪವೆಂದು ಎಣಿಸಬಾರದು. ಕಾಲದ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಉಳಿದಿರುವ ಕೊನೆಯ ಅವಕಾಶ ಅದು.

ಉಪಗ್ರಹಗಳಿಂದ ಕಾಲವನ್ನು ಪಡೆಯುವ ಕಾರುಗಳಲ್ಲಿ ಆ ಅವಕಾಶವೂ ಸಂಕುಚಿತವಾಗಿದೆ. ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯು 1980ರ ಜನವರಿ 6ರಿಂದ ವಾರಗಳನ್ನೆಣಿಸುತ್ತದೆ. ಅದರ ಮೂಲ ಸಂಕೇತದಲ್ಲಿ ವಾರಕ್ಕೆ ಹತ್ತು ಬಿಟ್ಟುಗಳು ಮಾತ್ರ ಇರುವುದರಿಂದ 1024 ವಾರಗಳಿಗೊಮ್ಮೆ, ಎಂದರೆ ಸುಮಾರು 19.6 ವರ್ಷಗಳಿಗೊಮ್ಮೆ, ಎಣಿಕೆ ಶೂನ್ಯಕ್ಕೆ ಮರಳುತ್ತದೆ. 1999ರ ಆಗಸ್ಟಿನಲ್ಲಿಯೂ 2019ರ ಏಪ್ರಿಲಿನಲ್ಲಿಯೂ ಹೀಗಾಯಿತು. ಯಾವ ಆವೃತ್ತಿಯ ವಾರ ಇದು ಎಂಬುದನ್ನು ಗ್ರಾಹಕಯಂತ್ರವೇ ಊಹಿಸಬೇಕು. ಅರವತ್ತು ವರ್ಷಗಳಿಗೊಮ್ಮೆ ಮರಳುವ ಸಂವತ್ಸರದ ಹೆಸರು ಮಾತ್ರವೇ ಇದ್ದು ಶಕವರ್ಷವಿಲ್ಲದ ಶಾಸನವನ್ನು ಓದಿದವರಿಗೆ ಈ ಕಷ್ಟದ ಪರಿಚಯ ಚೆನ್ನಾಗಿಯೇ ಇದೆ. 2022ರ ಹೊಸವರ್ಷದ ದಿನದಂದು ಹಲವು ದೇಶಗಳಲ್ಲಿ ಒಂದು ಪ್ರಸಿದ್ಧ ಕಂಪನಿಯ ಅನೇಕ ಹಳೆಯ ಕಾರುಗಳ ಗಡಿಯಾರಗಳು 2002ನೆಯ ಇಸವಿಯನ್ನು ತೋರಿಸಿದವು.

ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. ಅಂಕೀಯ ಬಾನುಲಿಯಲ್ಲಿ ಧ್ವನಿಯನ್ನು ಸಂಕೇತವಾಗಿಸಿ ಮತ್ತೆ ಧ್ವನಿಯಾಗಿಸಲು ಕೆಲವು ಸೆಕೆಂಡುಗಳೇ ಬೇಕಾಗುವುದರಿಂದ, ಅದರಲ್ಲಿ ಕೇಳುವ ‘ಪಿಪ್’ ತಡವಾಗಿ ಬರುತ್ತದೆ. ಕಿವಿಗೆ ಕೇಳುವ ಕಾಲವು ತನ್ನ ಪ್ರಾಮಾಣ್ಯವನ್ನು ಕಳೆದುಕೊಂಡು, ಕಿವಿಗೆ ಕೇಳದ ಕಾಲವೇ ಪ್ರಮಾಣವಾಗಿ ನಿಂತಿದೆ.

ಸಾಮಾನ್ಯ ಕಾಲವೊಂದರಿಂದ ಜನಕ್ಕೆ ಆದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಊರೂರಿನ ಕಾಲಗಳನ್ನು ಮರಳಿ ತರುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ನಾವು ಹೇಳುವುದಿಷ್ಟೇ. ಗಡಿಯಾರಗಳನ್ನು ಹೊಂದಿಸುವುದೆಂದರೆ ಒಬ್ಬರ ಮಾತನ್ನು ಉಳಿದವರು ಒಪ್ಪುವುದು. ಯಂತ್ರವು ಆ ಒಪ್ಪಿಗೆಯನ್ನು ಇಲ್ಲವಾಗಿಸಿಲ್ಲ, ಮರೆಮಾಡಿದೆ. ಇಂದಿನ ವಾಹನಗಳೂ ದೂರವಾಣಿಗಳೂ ಕ್ಷಣಕ್ಷಣಕ್ಕೆ ಗಂಟೆ-ನಿಮಿಷ-ಸೆಕೆಂಡುಗಳನ್ನು ಬರೆದಿಡುತ್ತಿವೆ. ಅವೆಲ್ಲವೂ ನಾಳಿನ ಇತಿಹಾಸಕಾರನ ಆಕರಗಳು. ಅವುಗಳ ನಿಖರತೆಯನ್ನು ಕಂಡು ಮಾರುಹೋಗದೆ, ಈ ಕಾಲವನ್ನು ಹೇಳಿದವರು ಯಾರು, ಅದು ಯಾವ ಆರಂಭದಿಂದ ಎಣಿಸಿದ ಕಾಲ, ಅದನ್ನು ತಿದ್ದುವ ಹಕ್ಕು ಯಾರಿಗಿದ್ದಿತು ಎಂಬ ಮೂರು ಪ್ರಶ್ನೆಗಳನ್ನು ಆತನು ಕೇಳಬೇಕಾಗುತ್ತದೆ. ಶಾಸನದ ತಿಥಿಯನ್ನು ಶಂಕಿಸಿ ಪರಿಶೀಲಿಸುವ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸ ಪಾಠವೇನಲ್ಲ. ಹಳೆಯ ಪಾಠವನ್ನು ಹೊಸ ಆಕರಕ್ಕೆ ಅನ್ವಯಿಸುವುದಷ್ಟೇ ಉಳಿದಿರುವ ಕಾರ್ಯ.