ಮೂಸೆಗೆ ಬೀಳದೆ ಉಳಿದ ನಾಣ್ಯಗಳು

ಅಮೆರಿಕದ ಹಳೆಯ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ 'ಡಬಲ್ ಈಗಲ್' 33.436 ಗ್ರಾಂ ತೂಗುತ್ತದೆ. ನೂರಕ್ಕೆ ತೊಂಬತ್ತು ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ. 1924ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಚ್ಚಾದದ್ದಾಗಲಿ, 1927ರಲ್ಲಿ ಡೆನ್ವರ್‌ನಲ್ಲಿ ಅಚ್ಚಾದದ್ದಾಗಲಿ, ಚಿನ್ನ ಅಷ್ಟೇ, ಶಿಲ್ಪಿ ಸೇಂಟ್-ಗಾಡೆನ್ಸ್ ರೂಪಿಸಿದ ಚಿತ್ರವೂ ಅದೇ. ಆದರೂ ಮೊದಲನೆಯದರ ಸಾಧಾರಣ ಪ್ರತಿ ಚಿನ್ನದ ಬೆಲೆಗಿಂತ ತುಸು ಹೆಚ್ಚಿಗೆ ಸಿಗುತ್ತದೆ. ಎರಡನೆಯದು ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿದ್ದುಂಟು. ಈ ಅಂತರ ಹುಟ್ಟಿದ್ದು ಸರ್ಕಾರದ ಮೂಸೆಯಲ್ಲಿ.

1933ರ ಏಪ್ರಿಲ್ 5ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಂದು ಆದೇಶ ಹೊರಡಿಸಿದರು. ಜನ ತಮ್ಮಲ್ಲಿರುವ ಚಿನ್ನವನ್ನು ಮೇ 1ರೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ತಪ್ಪಿದರೆ 10,000 ಡಾಲರ್ ವರೆಗೆ ದಂಡ, ಹತ್ತು ವರ್ಷದ ವರೆಗೆ ಜೈಲು. ಕೊಟ್ಟ ಬೆಲೆ ಔನ್ಸಿಗೆ 20.67 ಡಾಲರ್. ಮರುವರ್ಷ ಜನವರಿಯಲ್ಲಿ ಸರ್ಕಾರವೇ ಆ ಬೆಲೆಯನ್ನು 35 ಡಾಲರಿಗೆ ಏರಿಸಿತು. ಮಾತು ಕೇಳಿ ಕೊಟ್ಟವರು ನಷ್ಟಕ್ಕೊಳಗಾದರು. ಗಟ್ಟಿ ಚಿನ್ನ ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿದ್ದ ನಮ್ಮ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಷ್ಟೇ ರದ್ದಾಯಿತು. ಮನೆಯ ಹಿರಿಯರನ್ನು ಕೇಳಿದರೆ ಆ ದಿನಗಳ ಕಥೆ ಸಿಕ್ಕೀತು.

ಬಂದ ನಾಣ್ಯಗಳನ್ನು ಕರಗಿಸಿ ಗಟ್ಟಿ ಮಾಡಿದರು. 1927ರ ಡೆನ್ವರ್ ನಾಣ್ಯ 1,80,000 ಅಚ್ಚಾಗಿತ್ತು. ಇಂದು ತಿಳಿದಿರುವವು ಇಪ್ಪತ್ತೂ ಇಲ್ಲ. 1924ರ ಫಿಲಡೆಲ್ಫಿಯಾ ನಾಣ್ಯಗಳಾದರೋ ಅಂತರರಾಷ್ಟ್ರೀಯ ಪಾವತಿಗಾಗಿ ಮೂಟೆಗಟ್ಟಲೆ ಯುರೋಪಿನ ಬ್ಯಾಂಕುಗಳನ್ನು ಸೇರಿದ್ದವು. ಕಡಲಾಚೆ ಇದ್ದುದರಿಂದ ಬದುಕಿ, ದಶಕಗಳ ನಂತರ ಮರಳಿದವು. 1933ರಲ್ಲಿ ಅಚ್ಚಾದ 4,45,500 ನಾಣ್ಯಗಳು ಚಲಾವಣೆಗೇ ಬರಲಿಲ್ಲ. ಹೇಗೋ ಹೊರಬಿದ್ದ ಒಂದು, ಈಜಿಪ್ಟಿನ ದೊರೆ ಫಾರೂಕ್‌ನ ಸಂಗ್ರಹದಲ್ಲಿತ್ತೆಂದು ನಂಬಲಾದದ್ದು, 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಮಾರಾಟವಾಯಿತು.

ಅದೇ 1933ರ ಆದೇಶದಲ್ಲಿ ಒಂದು ಕಿಂಡಿ ಇತ್ತು: ಸಂಗ್ರಾಹಕರು ವಿಶೇಷ ಬೆಲೆ ಕೊಡುವ ಅಪರೂಪದ ನಾಣ್ಯಗಳಿಗೆ ವಿನಾಯಿತಿ. ಅಪರೂಪವೆನ್ನುವುದು ಕಾನೂನಿನ ಮಾತಾದದ್ದು ಹೀಗೆ. 1974ರ ಕೊನೆಯ ದಿನ ಅಮೆರಿಕನ್ನರಿಗೆ ಚಿನ್ನ ಮತ್ತೆ ಮುಕ್ತವಾಯಿತು. ವ್ಯಾಪಾರ ಬೆಳೆದಂತೆ ಜಗಳವೂ ಬೆಳೆಯಿತು: ಕೊಳ್ಳುವಾಗ 'ಸವೆದಿದೆ' ಎಂದ ವ್ಯಾಪಾರಿ ಮಾರುವಾಗ ಅದನ್ನೇ 'ಹೊಸದರಂತಿದೆ' ಎನ್ನುತ್ತಿದ್ದ.

ಇದಕ್ಕೆ ಉತ್ತರವಾಗಿ 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಬಂದವು. ತಜ್ಞರು ನಾಣ್ಯ ನೋಡಿ 1ರಿಂದ 70ರ ವರೆಗೆ ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ. ಈ ಅಂಕಪದ್ಧತಿಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಮಾಡಿದ್ದು ಹಳೆಯ ತಾಮ್ರದ ಸೆಂಟುಗಳಿಗಾಗಿ. 60ರಿಂದ ಮೇಲೆ ಚಲಾವಣೆಯಲ್ಲಿ ಸವೆಯದ ನಾಣ್ಯಗಳು. ಮೇಲಿನ ಹಂತಗಳಲ್ಲಿ ಒಂದೇ ಅಂಕದ ವ್ಯತ್ಯಾಸ ಬೆಲೆಯನ್ನು ಎಷ್ಟೋ ಪಟ್ಟು ಏರಿಸಬಲ್ಲದು.

ಅಕ್ಕಸಾಲಿಗನ ಒರೆಗಲ್ಲು ಚಿನ್ನದ ಶುದ್ಧತೆ ಹೇಳುತ್ತದೆ. ಅದನ್ನು ಇನ್ನೊಬ್ಬರು ಮತ್ತೆ ಉಜ್ಜಿ ನೋಡಬಹುದು. ನಾಣ್ಯದ ಅಂಕ ಅಂಥದ್ದಲ್ಲ. ಅದು ಅನುಭವಿ ಕಣ್ಣಿನ ಅಭಿಪ್ರಾಯ. ಪೆಟ್ಟಿಗೆ ಒಡೆದು ಮತ್ತೆ ಕಳಿಸಿದರೆ ಬೇರೆ ಅಂಕ ಬಂದದ್ದುಂಟು. ಪೆಟ್ಟಿಗೆಯನ್ನೇ ನಕಲು ಮಾಡಿದವರೂ ಉಂಟು. ಹಾಗಾಗಿ ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡದೆ ಹಣ ಕೊಡಬಾರದು.

ಹೂಡಿಕೆ ಎಂದು ಕೊಳ್ಳುವವರು ಬೆಲೆಯನ್ನು ಎರಡು ಭಾಗ ಮಾಡಿ ನೋಡಬೇಕು. ನಾಣ್ಯದೊಳಗಿನ ಸುಮಾರು 30 ಗ್ರಾಂ ಅಪ್ಪಟ ಚಿನ್ನದ ಬೆಲೆ ಒಂದು ಭಾಗ. ಅದನ್ನು ಯಾವ ಊರಿನ ಮಾರುಕಟ್ಟೆಯಾದರೂ ಕೊಟ್ಟೀತು. ಉಳಿದದ್ದು ಇತಿಹಾಸಕ್ಕೆ, ಅಂಕಕ್ಕೆ ಕೊಟ್ಟ ದುಡ್ಡು. ಅದು ಹಿಂದಿರುಗಬೇಕಾದರೆ ಆ ಇತಿಹಾಸವನ್ನು ಬಲ್ಲ, ಆ ಅಂಕವನ್ನು ನಂಬುವ ಇನ್ನೊಬ್ಬ ಸಿಗಬೇಕು.