ದವಡೆಯ ವರ್ಗೀಕರಣ ಮತ್ತು ಅಂಕಿಅಂಶಗಳ ವಿಶ್ಲೇಷಣೆ

ಮಕ್ಕಳ ಹಲ್ಲಿಗೆ 'ಕ್ಲಿಪ್' ಹಾಕಿಸುವುದು ಎಂವಿಪಿ ಕಾಲೋನಿಯ ನಮ್ಮ ಕನ್ನಡ ಕುಟುಂಬಗಳಿಗೂ ಹೊಸ ವಿಷಯವಲ್ಲ. ಆದರೆ ಖರ್ಚೆಷ್ಟು, ಎಷ್ಟು ತಿಂಗಳು ಎಂದು ವಿಚಾರಿಸುವ ನಾವು, ವೈದ್ಯರು ಚೀಟಿಯಲ್ಲಿ ಬರೆಯುವ 'ಕ್ಲಾಸ್ 2', 'ಕ್ಲಾಸ್ 3' ಎಂಬ ಪದಗಳ ಅರ್ಥವನ್ನು ಕೇಳುವುದು ಅಪರೂಪ. ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಈ ವರ್ಗೀಕರಣವನ್ನು ಅವಲಂಬಿಸಿರುವುದರಿಂದ ಅದರ ಪರಿಚಯವನ್ನು ಇಲ್ಲಿ ಮಾಡಿಕೊಡುತ್ತಿದ್ದೇವೆ.

ಮೂರು ವರ್ಗಗಳು

ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದರು. ಆರನೆಯ ವಯಸ್ಸಿನ ಸುಮಾರಿಗೆ ಮೂಡುವ ಮೊದಲ ಶಾಶ್ವತ ದವಡೆಹಲ್ಲುಗಳೇ ಇದಕ್ಕೆ ಆಧಾರ. ಮೇಲಿನ ಮತ್ತು ಕೆಳಗಿನ ದವಡೆಹಲ್ಲುಗಳು ಸರಿಯಾಗಿ ಕೂಡಿಕೊಂಡು, ಉಳಿದ ಹಲ್ಲುಗಳಷ್ಟೇ ಓರೆಯಾಗಿದ್ದರೆ ಅದು ಮೊದಲ ವರ್ಗ. ಕೆಳಗಿನದು ಹಿಂದೆ ಸರಿದಿದ್ದರೆ ಎರಡನೆಯದು. 'ಉಬ್ಬುಹಲ್ಲು' ಎನ್ನುವ ಸ್ಥಿತಿ ಹೆಚ್ಚಾಗಿ ಇದೇ. ಕೆಳಗಿನದು ಮುಂದೆ ಬಂದಿದ್ದರೆ ಮೂರನೆಯದು.

ಒಂದೇ ಹೆಸರು, ಎರಡು ಕಾರಣ

ಹಲ್ಲನ್ನು ನೋಡಿದರೆ ಮೂಳೆಯ ಸ್ಥಿತಿ ಪೂರ್ಣವಾಗಿ ತಿಳಿಯದು. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ತಲೆಯ ಪಾರ್ಶ್ವ ಕ್ಷಕಿರಣ ಚಿತ್ರ ತೆಗೆಯುವ ನಿಯತ ವಿಧಾನವನ್ನು ರೂಪಿಸಿದ ಬಳಿಕ ಕೋನಗಳನ್ನು ಅಳೆಯುವುದು ಸಾಧ್ಯವಾಯಿತು. 1953ರಲ್ಲಿ ಸ್ಟೈನರ್ ಸೂಚಿಸಿದ ಮಾದರಿಯಲ್ಲಿ ತಲೆಬುರುಡೆಯ ಬುಡಕ್ಕೆ ಮೇಲ್ದವಡೆ 82 ಡಿಗ್ರಿ, ಕೆಳದವಡೆ 80 ಡಿಗ್ರಿ; ವ್ಯತ್ಯಾಸ 2 ಡಿಗ್ರಿ.

ಮೂರನೆಯ ವರ್ಗದಲ್ಲಿ ಮೇಲ್ದವಡೆ ಹಿಂದುಳಿದಿರಬಹುದು ಅಥವಾ ಕೆಳದವಡೆ ಅತಿಯಾಗಿ ಬೆಳೆದಿರಬಹುದು. ಹಿಂದುಳಿದ ಮೇಲ್ದವಡೆಯನ್ನು ಮುಖಕ್ಕೆ ತೊಡಿಸುವ ಸಾಧನದಿಂದ ಮುಂದೆಳೆಯಬಹುದು. ಸುಮಾರು ಹತ್ತು ವರ್ಷದೊಳಗೆ ಇದು ಹೆಚ್ಚು ಫಲಕಾರಿ. ಕೆಳದವಡೆ ತೀವ್ರವಾಗಿ ಬೆಳೆದಿದ್ದರೆ ಬೆಳವಣಿಗೆ ನಿಂತ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹೆಸರು ಒಂದೇ ಆದರೂ ಚಿಕಿತ್ಸೆಯೂ ಅದರ ಕಾಲವೂ ಬೇರೆ.

ಗಣಕಯಂತ್ರದ ಪಾತ್ರ

ಈ ಒಳಭೇದಗಳನ್ನು ಗುರುತಿಸುವುದೇ ದತ್ತಾಂಶ ವಿಶ್ಲೇಷಣೆಯ ಉದ್ದೇಶ. ಹಲವರ ಅಳತೆಗಳನ್ನು ಗಣಕಯಂತ್ರಕ್ಕೆ ಒದಗಿಸಿದರೆ, ಪರಸ್ಪರ ಹೋಲುವ ಮುಖಗಳನ್ನು ಅದು ಗುಂಪುಗಳಾಗಿ ವಿಂಗಡಿಸುತ್ತದೆ. ಗುಂಪುಗಳ ಹೆಸರನ್ನು ಮೊದಲೇ ಹೇಳಿಕೊಡಬೇಕಾಗಿಲ್ಲ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರನೆಯ ವರ್ಗದ 300ಕ್ಕೂ ಹೆಚ್ಚು ಜನರ ಅಳತೆಗಳನ್ನು ಹೀಗೆ ಪರಿಶೀಲಿಸಿ, ಆ ಒಂದೇ ವರ್ಗದೊಳಗೆ ಐದು ಗುಂಪುಗಳನ್ನು ಗುರುತಿಸಿತು. ಕ್ಷಕಿರಣ ಚಿತ್ರದ ಮೇಲೆ ಬಿಂದುಗಳನ್ನು ಗುರುತಿಸುವ ಕೆಲಸವನ್ನೂ ಇಂದು ತಂತ್ರಾಂಶಗಳು ಮಾಡುತ್ತಿವೆ. 2015ರ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ 400 ಚಿತ್ರಗಳಲ್ಲಿ ತಲಾ 19 ಬಿಂದುಗಳನ್ನು ಇಟ್ಟುಕೊಂಡು ಇವುಗಳನ್ನು ಪರೀಕ್ಷಿಸಲಾಯಿತು. 2 ಮಿಲಿಮೀಟರ್‌ವರೆಗಿನ ತಪ್ಪನ್ನಷ್ಟೇ ಒಪ್ಪತಕ್ಕದ್ದೆಂದು ಎಣಿಸಲಾಗಿತ್ತು.

ಯಾರ ಮುಖ, ಯಾರ ಅಳತೆ?

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. 1948ರಲ್ಲಿ ಡೌನ್ಸ್ ನೀಡಿದ ಪ್ರಸಿದ್ಧ ಮಾನದಂಡಕ್ಕೆ ಆಧಾರವಾದದ್ದು ಕೇವಲ 20 ಮಂದಿ ಬಿಳಿಯ ಅಮೆರಿಕನ್ ಹುಡುಗ ಹುಡುಗಿಯರ ಅಳತೆ. ಅದು ನಮ್ಮವರಿಗೆ ಒಪ್ಪುವುದೇ ಎಂಬ ಪ್ರಶ್ನೆಯನ್ನು ಭಾರತದ ಸಂಶೋಧಕರು ಎತ್ತಿದರು. ಮುಂದೆ ಮಣಿಪಾಲದ ದಂತ ಮಹಾವಿದ್ಯಾಲಯದಲ್ಲಿ ಈ ವಿಭಾಗವನ್ನು ಮುನ್ನಡೆಸಿದ ಡಾ. ಆಶಿಮಾ ವಲಿಯತ್ತಾನ್ 1974ರಲ್ಲೇ ಭಾರತೀಯ ವಯಸ್ಕರನ್ನು ಡೌನ್ಸ್ ಕ್ರಮದಿಂದ ಅಳೆದು ಲೇಖನ ಪ್ರಕಟಿಸಿದ್ದರು. ಪರದೇಶದ ಮುಖಗಳಿಂದಷ್ಟೇ ಕಲಿತ ಯಂತ್ರವು ನಮ್ಮ ಮಕ್ಕಳ ಸಹಜ ಮುಖವನ್ನೂ ದೋಷವೆಂದು ಎಣಿಸುವ ಸಾಧ್ಯತೆಯಿದೆ. ಅಂತಿಮ ನಿರ್ಣಯ ಮಗುವನ್ನು ಕಣ್ಣಾರೆ ಕಂಡ ವೈದ್ಯರದೇ ಆಗಿರಬೇಕು.

ಪೋಷಕರಿಗೆ ಸೂಚನೆ

ಏಳನೆಯ ವಯಸ್ಸಿನೊಳಗೆ ಮೊದಲ ತಪಾಸಣೆ ಆಗಬೇಕೆಂಬುದು ಅಮೆರಿಕದ ವಕ್ರದಂತ ತಜ್ಞರ ಸಂಘದ ಸಲಹೆ. ನಮಗೆ ಸಮೀಪದ ಋಷಿಕೊಂಡದಲ್ಲಿ ಗೀತಂ ದಂತ ಮಹಾವಿದ್ಯಾಲಯವೂ, ವಿಜಯವಾಡದ ಬಂಧುಗಳಿಗೆ ಅಲ್ಲಿನ ಸರ್ಕಾರಿ ದಂತ ಮಹಾವಿದ್ಯಾಲಯವೂ ಇವೆ. ದೋಷ ಯಾವ ದವಡೆಯಲ್ಲಿದೆ, ಯಾವ ಮಾನದಂಡದಿಂದ ಅಳೆದಿರಿ ಎಂದು ಸಂಕೋಚವಿಲ್ಲದೆ ಕೇಳಿರಿ. ವರ್ಗಾವಣೆಯಾಗಿ ಊರು ಬಿಡುವ ಕುಟುಂಬಗಳು ಕ್ಷಕಿರಣ ಚಿತ್ರ ಹಾಗೂ ಹಲ್ಲಿನ ಅಚ್ಚುಗಳನ್ನು ತಪ್ಪದೆ ಜೊತೆಗೊಯ್ಯಬೇಕೆಂದು ವಿನಂತಿಸುತ್ತೇವೆ. ಬೆಳೆಯುವ ದವಡೆಯ ವಿಷಯದಲ್ಲಿ ಕಳೆದ ವರ್ಷದ ಅಳತೆಯನ್ನು ಮತ್ತೆ ಪಡೆಯಲಾಗದು.