ಕಣ್ಣಿಗೆ ಬೀಳದ ಉಣುಗು

ಹೋದ ವಾರ ಮೇಲಿನ ಮನೆ ಹುಡುಗಿ ಒಂದು ಕಾಗದದಲ್ಲಿ ಏನೋ ಮಡಚಿಕೊಂಡು ಬಂದಳು. "ಆಂಟಿ, ಇದು ತಿಗಣೇನಾ ನೋಡಿ, ನಾಯಿ ಮಲಗೋ ಮೂಲೇಲಿ ಗೋಡೆ ಹತ್ತುತ್ತಿತ್ತು" ಅಂದಳು. ಬಿಚ್ಚಿ ನೋಡಿದೆ. ಎಂಟು ಕಾಲು. ತಿಗಣೆಗೆ ಆರೇ ಕಾಲು. "ತಿಗಣೆ ಅಲ್ಲಮ್ಮ, ಇದು ಉಣ್ಣೆ. ನಮ್ಮೂರ ಕಡೆ ಉಣುಗು ಅಂತೀವಿ" ಅಂದೆ. "ಅಯ್ಯೋ, ಮಂಗನ ಕಾಯಿಲೆ ಬರತ್ತಾ?" ಅಂತ ಹೆದರಿಬಿಟ್ಟಳು. ಬರಲ್ಲ ಅಂದೆ. ಯಾಕೆ ಬರಲ್ಲ ಅಂತ ಹೇಳೋಕೆ ಹೋದರೆ ಬಾಪೂಜಿ ನಗರದಿಂದ ಸೊರಬದವರೆಗೂ ಹೋಗಬೇಕಾಯ್ತು. ಅದನ್ನೇ ಇಲ್ಲಿ ಬರೀತಿದೀನಿ.

ಉಣುಗು, ನುಸಿ ಎರಡೂ ಒಂದೇ ಬಳಗ, ಜೇಡನ ನೆಂಟರು. ತೆಂಗಿನಕಾಯಿಗೆ ಬೀಳೋ ನುಸಿ, ಕಜ್ಜಿ ಹುಳ, ಹಾಸಿಗೆ ಧೂಳಲ್ಲಿ ಇದ್ದು ಉಬ್ಬಸ ತರೋ ಕಣ್ಣಿಗೆ ಕಾಣದ ಹುಳ, ಎಲ್ಲ ಇದೇ ಸಂಸಾರ. ಇವುಗಳಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಪಾಠ ಕಲಿಸಿದ್ದು ಮಾತ್ರ ಕಾಡಿನ ಉಣುಗು.

ನಾನು ಹುಟ್ಟಿದ್ದು ಸಾಗರದ ಕಡೆ. ನಮ್ಮಜ್ಜಿ ಹಳೇ ಲೆಕ್ಕ ಹೇಳುವಾಗ "ಮಂಗ ಸತ್ತ ವರ್ಷ" ಅಂತಿದ್ದರು. ಅದು 1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮುಸಿಯ, ಮಂಗ ಸಾಲಾಗಿ ಸತ್ತು ಬೀಳೋಕೆ ಶುರುವಾದವು. ಕಾಡಿಗೆ ಸೌದೆಗೆ, ಸೊಪ್ಪಿಗೆ ಹೋದವರಿಗೂ ಜ್ವರ ಹಿಡೀತು. ಇದ್ದಕ್ಕಿದ್ದಂತೆ ಸುಡೋ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಮಂಗ ಸಾಯೋದಕ್ಕೂ ಮನುಷ್ಯರ ಜ್ವರಕ್ಕೂ ನಂಟಿದೆ ಅಂತ ಊರಿನ ಜನರೇ ಕಂಡುಕೊಂಡು "ಮಂಗನ ಕಾಯಿಲೆ" ಅಂತ ಹೆಸರಿಟ್ಟರು.

ಪುಣೆಯಲ್ಲಿ 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಸುದ್ದಿ ತಿಳಿದು ಓಡಿ ಬಂದರು. ಅವರಿಗಿದ್ದ ಹೆದರಿಕೆಯೇ ಬೇರೆ. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಅಂತ. ದಕ್ಷಿಣ ಅಮೆರಿಕದ ಕಾಡಲ್ಲೂ ಹಳದಿ ಜ್ವರಕ್ಕೆ ಮಂಗಗಳು ಸಾಯುತ್ತವೆ. ಅದನ್ನು ಹರಡೋ ಸೊಳ್ಳೆ ನಮ್ಮಲ್ಲೂ ಇದೆ. ಪರೀಕ್ಷೆ ಮಾಡಿದರೆ ಹಳದಿ ಜ್ವರ ಅಲ್ಲ, ರಷ್ಯಾ ಕಡೆ ಉಣುಗಿನಿಂದ ಬರೋ ಮೆದುಳು ಜ್ವರದ ವೈರಸ್ಸಿಗೆ ನೆಂಟನಾದ ಹೊಸ ವೈರಸ್ಸು. ಕಾಡಿನ ಉಣುಗಿನಲ್ಲೂ ಅದೇ ಸಿಕ್ಕಿತು. ಕ್ಯಾಸನೂರಿನ ಹೆಸರು ಪ್ರಪಂಚದ ವೈದ್ಯ ಪುಸ್ತಕಗಳಿಗೆ ಸೇರಿದ್ದು ಹಾಗೆ.

ನನಗೆ ಇದರಲ್ಲಿ ಮುಖ್ಯ ಅನಿಸೋದು ಒಂದು ವಿಷಯ. ನಮ್ಮ ಮಲೆನಾಡಿನ ಹೆಂಗಸರಿಗೆ ಉಣುಗು ಗೊತ್ತಿರಲಿಲ್ಲ ಅಂತಲ್ಲ. ಅಜ್ಜಿ ದಿನಾ ಸಂಜೆ ದನದ ಕಿವಿ, ಕೆಚ್ಚಲ ಸಂದಿ ನೋಡಿ, ದ್ರಾಕ್ಷಿ ಹಾಗೆ ಊದಿದ ಉಣುಗನ್ನ ಕಿತ್ತು ಕೆಂಡಕ್ಕೆ ಹಾಕ್ತಿದ್ದರು. ಆದರೆ ಮನುಷ್ಯರಿಗೆ ಕಾಯಿಲೆ ತರೋದು ಹೆಚ್ಚಾಗಿ ಆ ದಪ್ಪಂದಲ್ಲ, ಅದರ ಮರಿ. ಉಣುಗು ಮೂರು ಸಲ ರಕ್ತ ಕುಡಿಯುತ್ತೆ. ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ಮಂಗ, ಇಲಿ, ಹಕ್ಕಿ ಹಿಡಿಯುತ್ತೆ. ಅದು ಕಳಚಿ ಎಂಟು ಕಾಲಿನ ಎಳೇದಾದಾಗ ಎಳ್ಳುಕಾಳಿಗಿಂತ ಚಿಕ್ಕದು. ಮನುಷ್ಯರನ್ನ ಕಚ್ಚೋದು ಇದೇ. ದನಕ್ಕೆ ಹತ್ತೋದು ಬಲಿತದ್ದು. ದನಕ್ಕೆ ಕಾಯಿಲೆ ಬರಲ್ಲ, ಆದರೆ ದನದ ರಕ್ತ ಕುಡಿದು ಉಣುಗಿನ ಸಂತಾನ ಬೆಳೆಯುತ್ತೆ. ಎಳೇ ಉಣುಗು ಜಾಸ್ತಿ ಇರೋದು ಬೇಸಿಗೆಯ ಒಣ ಎಲೆಯಲ್ಲಿ. ನಾವು ಕೊಟ್ಟಿಗೆಗೆ ದರಕು ಗುಡಿಸಿ ತಲೆ ಮೇಲೆ ಹೊತ್ತು ತರ್ತಿದ್ದದ್ದೂ ಅದೇ ಕಾಲದಲ್ಲಿ. ಕಂಡದ್ದನ್ನ ಕೆಂಡಕ್ಕೆ ಹಾಕಿ, ಕಾಣದ್ದನ್ನ ಬುಟ್ಟೀಲಿ ಮನೆಗೆ ತಂದೆವು.

ನಮ್ಮ ಚಿಕ್ಕಮ್ಮ ಒಬ್ಬರು ಹಾಗೇ ಜ್ವರ ಹಿಡಿದು ಮಲಗಿದ್ದರು. ಬಿಟ್ಟಿತು ಅಂತ ಗಂಜಿ ಕುಡಿದು ಎದ್ದು ಕೂತ ಮೇಲೆ ಮತ್ತೆ ಬಂತು. ಈ ಕಾಯಿಲೆಯ ಗುಣವೇ ಅದು, ಕೆಲವರಿಗೆ ಎರಡನೇ ಸಲ ತಲೆಗೇರುತ್ತೆ. ಚಿಕ್ಕಮ್ಮ ಉಳಿದರು, ಆದರೆ ತಿಂಗಳುಗಟ್ಟಲೆ ಕೊಡಪಾನ ಎತ್ತೋ ಶಕ್ತಿ ಇರಲಿಲ್ಲ.

ಕಾಯಿಲೆ ಸೊರಬ, ಸಾಗರದಲ್ಲೇ ನಿಲ್ಲಲಿಲ್ಲ. 1982-83ರಲ್ಲಿ ಬೆಳ್ತಂಗಡಿ ಕಡೆ ಜೋರಾಗಿ ಬಂತು. 2012ರಲ್ಲಿ ಬಂಡೀಪುರದ ಕಾಡಲ್ಲೂ ಕಾಣಿಸ್ತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಲ್ಲಿ ಸಾವುಗಳಾದವು. ಇದಕ್ಕೊಂದು ಲಸಿಕೆ ಇತ್ತು, ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗ್ತಿತ್ತು. ಅದರ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ನಡೀತಿದೆ. ಚಿಕ್ಕಮ್ಮನ ಸೊಸೆ ಫೋನಲ್ಲಿ "ಸೂಜಿ ಇಲ್ಲ, ಎಣ್ಣೆ ಮಾತ್ರ ಕೊಡ್ತಾರೆ ಅಕ್ಕಾ" ಅಂದಾಗ ನನಗೆ ಭಯ ಆಯ್ತು. ಎಣ್ಣೆ ಹಚ್ಚೇ ಕಾಡಿಗೆ ಹೋಗು, ಬಂದವಳು ಒಳಗೆ ಬರಬೇಡ, ಬಟ್ಟೆ ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡು, ಮಕ್ಕಳ ಕಂಕುಳು, ಕಿವಿ ಹಿಂದೆ ದೀಪ ಹಿಡಿದು ನೋಡು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸು ಅಂದೆ. "ಅಜ್ಜಿ ಹೇಳಿದ ಹಾಗೇ ಹೇಳ್ತೀರಿ" ಅಂತ ನಕ್ಕಳು. ಅಜ್ಜಿ ದನವನ್ನ ಮಾತ್ರ ನೋಡ್ತಿದ್ದರು, ನೀನು ಮಕ್ಕಳನ್ನೂ ನೋಡು ಅಂದೆ.

ಇನ್ನು ಮೇಲಿನ ಮನೆ ಹುಡುಗಿಯ ಉಣ್ಣೆ. ಅದು ನಾಯಿ ಉಣ್ಣೆ, ಜಾತಿಯೇ ಬೇರೆ, ಮಂಗನ ಕಾಯಿಲೆ ತರೋದಲ್ಲ. ಆದರೆ ನಾಯಿಗೆ ಜ್ವರ ತರುತ್ತೆ, ಮನೆಯೊಳಗೇ ಸಂಸಾರ ಹೂಡುತ್ತೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತೆ, ಅದೂ ಗೋಡೆ ಬಿರುಕಲ್ಲಿ, ಬಾಗಿಲ ಚೌಕಟ್ಟಿನ ಸಂದೀಲಿ. ನಾಯಿ ಮೈಮೇಲಿಂದ ಹತ್ತು ಕಿತ್ತರೆ ಮುಗೀತು ಅನ್ಕೋಬೇಡಿ. ಅದರ ಹಾಸು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಬಿರುಕು ಮುಚ್ಚಿಸಿ, ನಾಯಿಗೆ ಔಷಧಿ ಪಶುವೈದ್ಯರನ್ನ ಕೇಳಿಯೇ ಹಾಕಿ. ಮೈಗೆ ಕಚ್ಚಿದ್ದರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಮೇಲಕ್ಕೆ ಎಳೀರಿ, ಬೆರಳಲ್ಲಿ ಹಿಸುಕಬೇಡಿ, ಸೋಪು ಹಾಕಿ ತೊಳೀರಿ. ಆಮೇಲೆ ಜ್ವರ ಬಂದರೆ ಉಣ್ಣೆ ಕಚ್ಚಿತ್ತು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಹುಡುಗಿ ಟಾರ್ಚ್ ತಗೊಂಡು ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿದು ಬಂದು "ಆಂಟಿ, ಚೌಕಟ್ಟಿನ ಸಂದೀಲಿ ತುಂಬಾ ಇದೆ, ಎಲ್ಲ ಸಣ್ಣವು" ಅಂದಳು.